1955ರ ‘ಯಿಫ್ತಾಸ್’ ಮತ್ತು ಸ್ಟ್ರಿಂಡ್‌ಬರ್ಗ್‌ನ ದಾಂಪತ್ಯದ ಕಥೆಗಳು: ಸಂಸಾರ ಒಡೆಯುವುದು ಯಾವುದರಿಂದ?

ಹಳೇರೀಲು:

ಸ್ಟ್ರಿಂಡ್‌ಬರ್ಗ್ ಎಂದರೆ ಹೆಣ್ಣನ್ನು ಕಂಡರಾಗದ ಸ್ವೀಡಿಷ್ ನಾಟಕಕಾರ ಎಂದು ನಮ್ಮಲ್ಲಿ ಅನೇಕರು ಓದುವ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆ ತೀರ್ಮಾನವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಒಂದು ಚಿತ್ರದ ನೆಪದಲ್ಲಿ ಮಾತಾಡೋಣ ಅಂತ ಈ ಎಳೆ ಶುರು ಮಾಡುತ್ತಿದ್ದೇನೆ. ಆಂಡರ್ಸ್ ಹೆನ್ರಿಕ್ಸನ್ 1955ರಲ್ಲಿ ನಿರ್ದೇಶಿಸಿದ ‘ಯಿಫ್ತಾಸ್’. ಮದುವೆಯಾಗುವುದು ಎಂದು ಅರ್ಥ. ಸ್ಟ್ರಿಂಡ್‌ಬರ್ಗ್ ಅದೇ ಹೆಸರಿನಲ್ಲಿ ಎರಡು ಭಾಗಗಳಲ್ಲಿ ಬರೆದ ಕಥಾಸಂಕಲನವೇ ಮೂಲ. ಮಾಯ್ ಸೆಟ್ಟರ್ಲಿಂಗ್, ಗುನ್ನೆಲ್ ಬ್ರೋಸ್ಟ್ರೋಮ್ ಮುಖ್ಯ ಪಾತ್ರಗಳಲ್ಲಿದ್ದಾರೆ, ಹೆನ್ರಿಕ್ಸನ್ ಕೂಡ ನಟಿಸಿದ್ದಾರೆ. ಇದೇ ಪುಸ್ತಕವನ್ನು 1926ರಲ್ಲಿ, ಮೂಕಿ ಚಿತ್ರಗಳ ಕಾಲದಲ್ಲಿ, ಉಲೋಫ್ ಮೊಲಾಂಡರ್ ಒಮ್ಮೆ ತೆರೆಗೆ ತಂದಿದ್ದರು.

1955 ಎಂದರೆ ಸ್ವೀಡನ್‌ನ ಹೆಸರಾಂತ ನಿರ್ದೇಶಕ ಬರ್ಗ್‌ಮನ್‌ನ ‘ಬೇಸಿಗೆ ರಾತ್ರಿಯ ನಗು’ ಬಂದ ವರ್ಷವೂ ಹೌದು. ಆ ಬೆಳಕಿನಲ್ಲಿ ಹೆನ್ರಿಕ್ಸನ್ ಕಾಣದೇ ಹೋದರು. ಅದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅವರು ಸ್ಟ್ರಿಂಡ್‌ಬರ್ಗ್‌ಗೆ ಹೊಸಬರೇನಲ್ಲ. ಸ್ಟ್ರಿಂಡ್‌ಬರ್ಗ್‌ನ ನಾಟಕದಿಂದ ಆಲ್ಫ್ ಷೊಬೆರಿ ತೆಗೆದ ‘ಮಿಸ್ ಜೂಲಿ’ 1951ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಇಟಲಿಯ ನಿರ್ದೇಶಕ ಡಿ ಸಿಕಾ ಅವರ ಚಿತ್ರದ ಜೊತೆ ಹಂಚಿಕೊಂಡಿತಲ್ಲ, ಅದರಲ್ಲಿ ಜೂಲಿಯ ತಂದೆ ಕೌಂಟ್ ಪಾತ್ರ ಮಾಡಿದ್ದು ಇವರೇ.

ನನ್ನ ಮಾತು ಇಷ್ಟು. ಈ ಪುಸ್ತಕದಲ್ಲಿ ಸಂಸಾರಗಳು ಕೆಡುವುದು ಹೆಚ್ಚಾಗಿ ದುಡ್ಡಿನಿಂದ, ಕಾನೂನಿನಿಂದ, ಹುಡುಗ ಹುಡುಗಿಯರನ್ನು ಬೆಳೆಸಿದ ರೀತಿಯಿಂದ. ಕ್ಯಾಮೆರಾಕ್ಕೆ ಅದು ಸುಲಭಕ್ಕೆ ಸಿಗುವುದಿಲ್ಲ. ಇಬ್ಬರನ್ನು ಎದುರುಬದುರು ಕೂರಿಸಿ ಮಾತಿಗೆ ಮಾತು ಬೆಳೆಸುವುದನ್ನು ತೆಗೆಯಬಹುದು. ಅಂಗಡಿ ಬಾಕಿ ತಿಂಗಳಿಂದ ತಿಂಗಳಿಗೆ ಏರುವುದನ್ನು ತೆಗೆಯುವುದು ಕಷ್ಟ. ಹಾಗಾಗಿ ಸ್ಟ್ರಿಂಡ್‌ಬರ್ಗ್ ತೆರೆಗೆ ಬಂದಾಗಲೆಲ್ಲ ಗಂಡು ಹೆಣ್ಣಿನ ಯುದ್ಧವೇ ಮುಂದೆ ಬಂದು, ಆ ಯುದ್ಧಕ್ಕೆ ಕಾರಣ ಹಿಂದೆ ಉಳಿಯುತ್ತದೆ. ಪುಸ್ತಕ ಓದಿದವರು ಏನನ್ನುತ್ತೀರಿ?

ಧಾರವಾಡದ ಓದುಗ:

ಛಲೋ ವಿಷಯ ತಗದೀರಿ ಸರ್. ಆದರ ಈ ಪುಸ್ತಕದ ಹುಟ್ಟಿನ ಕಥಿ ಹೇಳದ ಮುಂದ ಹೋಗೋದು ಸರಿ ಅಲ್ರಿ.

ಮೊದಲನೇ ಭಾಗ ಬಂದದ್ದು 1884ರ ಸೆಪ್ಟೆಂಬರ್‌ನಲ್ಲಿ. ಹನ್ನೆರಡು ಕಥೆಗಳು. ಪ್ರಕಾಶಕ ಆಲ್ಬರ್ಟ್ ಬೊನ್ನಿಯೆರ್. ಕೆಲವೇ ದಿನಗಳಲ್ಲಿ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಮೇಲ್ನೋಟಕ್ಕೆ ಆರೋಪ ದೈವನಿಂದೆ. ‘ಸದ್ಗುಣದ ಪ್ರತಿಫಲ’ ಎಂಬ ಕಥೆಯಲ್ಲಿ ಚರ್ಚಿನ ಪ್ರಭುಭೋಜನದ ವಿಷಯ ಬರುತ್ತದೆ. ಅಲ್ಲಿ ಸ್ಟ್ರಿಂಡ್‌ಬರ್ಗ್ ವೈನಿನ ಅಂಗಡಿ ಹೆಸರು ಹೇಳಿ ಅದರ ಬೆಲೆ 65 ಓರೆ (ನೂರು ಓರೆಗೆ ಒಂದು ಕ್ರೋನ) ಎನ್ನುತ್ತಾನೆ, ರೊಟ್ಟಿಯ ಬಿಲ್ಲೆಗೆ ಪೌಂಡಿಗೆ 1 ಕ್ರೋನ ಎನ್ನುತ್ತಾನೆ. ಇವನ್ನು ಪಾದ್ರಿ ಕ್ರಿಸ್ತನ ರಕ್ತ ಮಾಂಸ ಎಂದು ಕೊಡುತ್ತಾನೆ ಎಂದು ಬರೆಯುತ್ತಾನೆ. ಅಷ್ಟು ಸಾಕಾಯಿತು. ನೋಡ್ರಿ, ಹಳೇರೀಲು ಸರ್ ಹೇಳಿದ್ದಕ್ಕ ಇದೂ ಒಂದು ಸಾಕ್ಷಿ: ದೇವರ ವಿಷಯದಾಗೂ ಈ ಮನುಷ್ಯ ರೇಟು ಕೇಳತಾನ.

ಆಗ ಸ್ಟ್ರಿಂಡ್‌ಬರ್ಗ್ ಹೆಂಡತಿ ಮಕ್ಕಳ ಜೊತೆ ಸ್ವಿಟ್ಜರ್ಲೆಂಡಿನಲ್ಲಿದ್ದ. ಲೇಖಕ ಬರದಿದ್ದರೆ ಶಿಕ್ಷೆ ಪ್ರಕಾಶಕನ ತಲೆಗೆ. ಬೊನ್ನಿಯೆರ್ ಯಹೂದಿ. ದೈವನಿಂದೆಯ ಮೊಕದ್ದಮೆಯಲ್ಲಿ ಯಹೂದಿ ಪ್ರಕಾಶಕ ನಿಂತರೆ ಜನರ ಕೋಪ ಯಾವ ಕಡೆ ತಿರುಗುತ್ತದೆ ಎಂದು ಆ ಮನೆಯವರಿಗೆ ಗೊತ್ತಿತ್ತು. ಬೊನ್ನಿಯೆರ್‌ನ ಮಗ ಕಾರ್ಲ್ ಉಟ್ಟೊ ಜಿನೀವಾಕ್ಕೆ ಹೋಗಿ ಮನವೊಲಿಸಿದ ಮೇಲೆ ಅಕ್ಟೋಬರ್‌ನಲ್ಲಿ ಸ್ಟ್ರಿಂಡ್‌ಬರ್ಗ್ ಸ್ಟಾಕ್‌ಹೋಮಿಗೆ ಬಂದ. ಜನ ಜೈಕಾರ ಹಾಕಿ ಬರಮಾಡಿಕೊಂಡರು. 1884ರ ನವೆಂಬರ್ 17ರಂದು ಜ್ಯೂರಿ ಖುಲಾಸೆ ಮಾಡಿತು.

ಗೆದ್ದ, ಖರೆ. ಆದರ ಒಳಗ ಮುರದು ಬಿದ್ದ. ಈ ಮೊಕದ್ದಮೆಯ ಹಿಂದೆ ಹೆಂಗಸರ ಕೈವಾಡ ಇದೆ, ರಾಣಿ ಸೋಫಿಯಾಳೇ ಇದ್ದಾಳೆ ಎಂದು ನಂಬಿದ. ಎರಡನೇ ಭಾಗ ಆ ನಂಬಿಕೆಯ ನೆರಳಿನಾಗ ಬಂತು. ಅದಕ್ಕ ನಾ ಹೇಳೂದು, ‘ಈ ಪುಸ್ತಕ’ ಅಂತ ಒಂದೇ ಉಸುರಿನಾಗ ಅನಬ್ಯಾಡ್ರಿ. ಎರಡು ಪುಸ್ತಕ ಅದಾವ.

ಕಡಲತಡಿ:

ದುಡ್ಡಿನ ಮಾತು ಆಯ್ತು, ಕಾನೂನಿನ ಮಾತನ್ನು ನಾನು ಸೇರಿಸ್ತೇನೆ. ವಕೀಲಿಕೆ ಮಾಡುವವಳು, ಅದೇ ಮೊದಲು ಕಣ್ಣಿಗೆ ಬೀಳುವುದು.

ಸ್ವೀಡನ್‌ನ 1734ರ ಸಂಹಿತೆಯ ಪ್ರಕಾರ ಮದುವೆಯಾದ ಹೆಂಗಸಿಗೆ ಗಂಡನೇ ಪೋಷಕ. ಅವಳ ಪರವಾಗಿ ಕೋರ್ಟಿನಲ್ಲಿ ಮಾತಾಡುವವನೂ ಅವನೇ, ಆಸ್ತಿ ನೋಡಿಕೊಳ್ಳುವವನೂ ಅವನೇ. ತಾನು ದುಡಿದದ್ದನ್ನು ತಾನೇ ಇಟ್ಟುಕೊಳ್ಳುವ ಹಕ್ಕು ಹೆಂಡತಿಗೆ ಬಂದದ್ದು 1874ರಲ್ಲಿ. ಮದುವೆಯಾಗದ ಹೆಣ್ಣಿಗೆ 21ಕ್ಕೇ ಪ್ರಾಯಪೂರ್ತಿ ಎಂದು ಒಪ್ಪಿದ್ದು 1884ರಲ್ಲಿ, ಅಂದರೆ ಈ ಪುಸ್ತಕ ಬಂದ ವರ್ಷವೇ. ಇದರ ಪರಿಣಾಮ ಎಂಥದ್ದು ಯೋಚನೆ ಮಾಡಿ: 21 ತುಂಬಿದ ಒಂಟಿ ಹುಡುಗಿ ಸ್ವತಂತ್ರಳು, ಮರುದಿನ ಅವಳು ತಾಳಿ ಕಟ್ಟಿಸಿಕೊಂಡಳು ಅಂತಿಟ್ಟುಕೊಳ್ಳಿ (ನಮ್ಮ ಮಾತಿನಲ್ಲಿ ಹೇಳುವುದಾದರೆ), ಮತ್ತೆ ಮೈನರ್! ಮದುವೆಯಾದವಳಿಗೂ ಪೂರ್ತಿ ಕಾನೂನು ಸ್ಥಾನ ಸಿಕ್ಕಿದ್ದು 1920ರ ವಿವಾಹ ಸಂಹಿತೆಯಲ್ಲಿ.

ಈಗ ಮೊದಲ ಭಾಗದ ಮುನ್ನುಡಿ ನೋಡಿ ಮಾರಾಯ್ರೆ. ಹೆಣ್ಣಿಗೆ ಮತದಾನದ ಹಕ್ಕು ಬೇಕು, ಗಂಡು ಹೆಣ್ಣು ಮಕ್ಕಳಿಗೆ ಒಂದೇ ಶಾಲೆ ಒಂದೇ ವಿದ್ಯೆ ಬೇಕು, ಎಲ್ಲ ಉದ್ಯೋಗಗಳೂ ಅವಳಿಗೆ ತೆರೆದಿರಬೇಕು, ಗಂಡ ಹೆಂಡಿರಿಗೆ ಬೇರೆ ಬೇರೆ ಮಲಗುವ ಕೋಣೆ ಇರಬೇಕು ಅಂತ ಬರೀತಾನೆ. ಕೊನೆಯದ್ದನ್ನು ನಾನು ತುಂಬ ಮುಖ್ಯ ಅಂತ ತಿಳೀತೇನೆ. ಹೆಂಡತಿಯ ದೇಹದ ಮೇಲೆ ಅವಳದ್ದೇ ಅಧಿಕಾರ ಅಂತ ಇಷ್ಟು ಸರಳವಾಗಿ ಹೇಳಿದವರು ಆ ಕಾಲದಲ್ಲಿ ಎಷ್ಟು ಮಂದಿ? ಅದೇ 1884ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ದಾದಾಜಿ ಭಿಕಾಜಿ ತನ್ನ ಬಾಲ್ಯವಿವಾಹದ ಹೆಂಡತಿ ರಖ್ಮಾಬಾಯಿ ಮನೆಗೆ ಬರಬೇಕು ಅಂತ ದಾವೆ ಹೂಡಿದ. ಎಲ್ಲಿಯ ಸ್ಟಾಕ್‌ಹೋಮ್, ಎಲ್ಲಿಯ ಮುಂಬಯಿ. ಎರಡು ಕೋರ್ಟಿನಲ್ಲೂ ಒಳಗೊಳಗೇ ಕೇಳಿದ ಪ್ರಶ್ನೆ ಒಂದೇ, ಹೆಂಡತಿ ಯಾರ ಸೊತ್ತು ಅಂತ.

ಲೆಕ್ಕದ ಪುಸ್ತಕ:

ನನಗೆ ಈ ಸಂಕಲನದಲ್ಲಿ ಬಹಳ ಇಷ್ಟವಾದದ್ದು ‘ಪ್ರೀತಿ ಮತ್ತು ಧಾನ್ಯ’. ಸಿನಿಮಾದವರು ಬಿಟ್ಟುಕೊಟ್ಟರೂ ಓದುಗರು ಬಿಡಬಾರದ ಕಥೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸರ್ಕಾರಿ ಕಚೇರಿಯ ಒಬ್ಬ ಕಿರಿಯ ಗುಮಾಸ್ತ ಮೇಜರ್ ಒಬ್ಬರ ಮಗಳನ್ನು ಕೇಳಲು ಹೋಗುತ್ತಾನೆ. ಕಥೆಯ ಮೊದಲ ವಾಕ್ಯವೇ 1865ರ ಧಾನ್ಯದ ಬೆಲೆಯನ್ನು ಆತ ನೋಡಿರಲಿಲ್ಲ ಎಂದು. ಹುಡುಗ ಪ್ರೀತಿಯ ಮಾತಾಡುತ್ತಾನೆ, ಮಾವನಾಗಬೇಕಾದವರು ಸಂಬಳ ಕೇಳುತ್ತಾರೆ. 1200. ಸಾಲದು ಎನ್ನುತ್ತಾರೆ. ಮೇಲುಸಂಪಾದನೆ ಮಾಡುತ್ತೇನೆ, ಫ್ರೆಂಚಿನಿಂದ ಅನುವಾದ ಮಾಡುತ್ತೇನೆ, ಕರಡು ತಿದ್ದುತ್ತೇನೆ ಎಂದು ಹುಡುಗ ಕೂಡಿಸಿ ತೋರಿಸುತ್ತಾನೆ. ಕಾಗದದ ಮೇಲೆ ಎಲ್ಲ ಸರಿ ಹೊಂದುತ್ತದೆ. ಮದುವೆಯಾಗುತ್ತದೆ.

ಆಮೇಲೆ ಬರುವ ದೃಶ್ಯಗಳನ್ನು ಓದುವಾಗ ನನಗೆ ಸಂಕಟವಾಯಿತು. ಹೊಸ ಮನೆ, ಹೊಸ ಪೀಠೋಪಕರಣ, ಹೊಟ್ಟೆ ತುಂಬ ಒಳ್ಳೆ ಊಟ, ಒಳ್ಳೆ ಮದ್ಯ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಸುಳ್ಳು ಹೇಳುವುದಿಲ್ಲ, ಕೂಗಾಡುವುದೂ ಇಲ್ಲ. ಒಬ್ಬರಿಗೊಬ್ಬರು ಒಳ್ಳೆಯದನ್ನೇ ತಿನ್ನಿಸಬೇಕೆಂದುಕೊಂಡೇ ಮುಳುಗುತ್ತಾರೆ. ಮಗು ಬರುತ್ತದೆ, ಸಾಲಗಾರರು ಬರುತ್ತಾರೆ, ಕೊನೆಗೆ ಮೇಜರ್ ಬಂದು ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಹೊರಟುಹೋಗುತ್ತಾರೆ. ಮಗಳನ್ನು ಒಬ್ಬ ಹುಡುಗನಿಗೆ ಕಡ ಕೊಟ್ಟಿದ್ದೆ, ಈಗ ವಾಪಸ್ ಪಡೆದೆ ಎಂಬ ಧೋರಣೆ ಅವರದು. ಆ ಹೆಣ್ಣಿಗೆ ಏನು ಬೇಕಿತ್ತು ಎಂದು ಅಪ್ಪ ಕೇಳುವುದಿಲ್ಲ, ಗಂಡನೂ ಕೇಳಿರಲಿಲ್ಲ. ಅವಳನ್ನು ದುಡಿಯುವುದಕ್ಕೆ ಯಾರೂ ತಯಾರು ಮಾಡಿರಲಿಲ್ಲ. ಇಬ್ಬರ ಊಟವೂ ಒಬ್ಬನ ಸಂಬಳದ ಮೇಲೆ ನಿಂತಿತ್ತು, ಆ ಸಂಬಳ ಸಾಲದಾದಾಗ ಮದುವೆಯೂ ಬಿತ್ತು.

ಇದನ್ನು ಹೆಣ್ಣುದ್ವೇಷ ಎಂದು ಹೇಗೆ ಕರೆಯುವುದು? ಮನೆ ನಡೆಸುವ ಕಷ್ಟವನ್ನು ಬಲ್ಲವನು ಮಾತ್ರ ಬರೆಯಬಹುದಾದ ಕಥೆ. ಸ್ಟ್ರಿಂಡ್‌ಬರ್ಗ್ ಸ್ವತಃ 1879ರಲ್ಲಿ ದಿವಾಳಿಯಾಗಿದ್ದವನು.

ಹಿತ್ತಿಲಗಿಡ:

ಎಲ್ಲರೂ ಮೊದಲ ಭಾಗದ ಒಳ್ಳೆಯ ಕಥೆಗಳನ್ನೇ ಆರಿಸಿ ತೋರಿಸುತ್ತಿದ್ದೀರಿ. ಮೊದಲ ಭಾಗದಲ್ಲೇ ‘ಗೊಂಬೆಮನೆ’ ಎಂಬ ಕಥೆ ಇದೆಯಲ್ಲ, ಅದನ್ನು ಯಾಕೆ ಯಾರೂ ಎತ್ತಲಿಲ್ಲ?

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಗೊಂಬೆಮನೆ’ ನಾಟಕ ಬಂದದ್ದು 1879ರಲ್ಲಿ. ಅದರ ನಾಯಕಿ ನೋರಾ ಗಂಡನನ್ನು ಬಿಟ್ಟು ಬಾಗಿಲು ಹಾಕಿಕೊಂಡು ಹೊರಟಳು. ಐದು ವರ್ಷಕ್ಕೆ ಸ್ಟ್ರಿಂಡ್‌ಬರ್ಗ್ ಅದೇ ಹೆಸರಿನ ಕಥೆ ಬರೆಯುತ್ತಾನೆ. ನೌಕಾಪಡೆಯ ಒಬ್ಬ ಕ್ಯಾಪ್ಟನ್, ಹೆಂಡತಿ ಗುರ್ಲಿ, ಸುಖವಾದ ಸಂಸಾರ. ಗಂಡ ಸಮುದ್ರದ ಮೇಲಿರುವಾಗ ಒಟ್ಟಿಲಿಯಾ ಎಂಬ ಗೆಳತಿ ಬಂದು ಸೇರುತ್ತಾಳೆ, ಗುರ್ಲಿಯ ಮಾತು ಬದಲಾಗುತ್ತದೆ, ಗಂಡನಿಗೆ ಇಬ್ಸೆನ್ ನಾಟಕ ಓದು ಎಂದು ಕಳಿಸುತ್ತಾಳೆ. ಆತ ಓದಿ ಉದ್ದನೆಯ ಟೀಕೆ ಬರೆಯುತ್ತಾನೆ. ಪರಿಹಾರ ಏನು ಗೊತ್ತೆ? ಅತ್ತೆಯ ಸಲಹೆಯಂತೆ ಆತ ಒಟ್ಟಿಲಿಯಾ ಜೊತೆಗೇ ಸಲಿಗೆಯಿಂದ ನಡೆದುಕೊಳ್ಳುವುದು. ಗುರ್ಲಿಗೆ ಹೊಟ್ಟೆಕಿಚ್ಚು ಹತ್ತುತ್ತದೆ, ಗೆಳತಿ ಮನೆ ಬಿಡುತ್ತಾಳೆ, ಸಂಸಾರ ಮತ್ತೆ ನೆಟ್ಟಗಾಗುತ್ತದೆ. ಒಬ್ಬ ಹೆಂಗಸಿಗೆ ಬಂದ ಯೋಚನೆಯನ್ನು ಅಸೂಯೆಯಿಂದ ಗುಣ ಮಾಡಬಹುದು ಎನ್ನುವುದು ಎಷ್ಟು ಸಣ್ಣ ಮಾತು! ಕಥೆ ಚೂಪಾಗಿದೆ, ಲವಲವಿಕೆಯಿಂದ ಓದಿಸಿಕೊಳ್ಳುತ್ತದೆ, ಅದಕ್ಕೇ ನನಗೆ ಇನ್ನೂ ಕೋಪ.

ಇನ್ನು ಎರಡನೇ ಭಾಗ. ‘ಹಣಕ್ಕಾಗಿ’ ಎಂಬ ಕಥೆಯಲ್ಲಿ ಜನರಲ್‌ನ ಮಗಳು ಹೆಲೆನಾ. ಹೆಂಡತಿ ತನ್ನ ಸಾಂಗತ್ಯವನ್ನು ಬೆಲೆಗೆ ಮಾರುತ್ತಾಳೆ ಎಂಬ ಆರೋಪ. ‘ಕುಟುಂಬ ಪೋಷಕ’ದಲ್ಲಿ ಗಂಡ ಬರೆದು ಬರೆದು ಸಾಯುತ್ತಾನೆ, ಹೆಂಡತಿ ಆರಾಮವಾಗಿದ್ದಾಳೆ. ಆಗ ಸ್ಟ್ರಿಂಡ್‌ಬರ್ಗ್‌ನ ಪಕ್ಕದಲ್ಲಿದ್ದವಳು ಯಾರು? ಸಿರಿ ಫಾನ್ ಎಸ್ಸೆನ್. ನಟಿಯಾಗಬೇಕೆಂದು ಮೊದಲ ಗಂಡ ಬ್ಯಾರನ್ ರಾಂಗೆಲ್‌ನನ್ನು ಬಿಟ್ಟು ಬಂದವಳು. 1877ರಲ್ಲಿ ಸ್ಟ್ರಿಂಡ್‌ಬರ್ಗ್‌ನನ್ನು ಮದುವೆಯಾದಳು. ಅವನ ಜೊತೆ ದೇಶ ದೇಶ ಅಲೆಯುವಾಗ ಅವಳ ರಂಗಭೂಮಿ ಏನಾಯಿತು? ಆ ಕಥೆಯನ್ನು ಸಂಕಲನದಲ್ಲಿ ಅವನು ಬರೆಯಲಿಲ್ಲ. 1891ರಲ್ಲಿ ವಿಚ್ಛೇದನ. ಹೆಣ್ಣಿಗೆ ಎಲ್ಲ ಉದ್ಯೋಗ ತೆರೆದಿರಲಿ ಎಂದ ಮುನ್ನುಡಿ ಅವನ ಮನೆಯ ಹೊಸ್ತಿಲಲ್ಲೇ ನಿಂತಿತು.

ಹಳೇರೀಲು:

ಅಕ್ಕ, ‘ಗೊಂಬೆಮನೆ’ ಬಗ್ಗೆ ನೀವು ಹೇಳಿದ್ದಕ್ಕೆ ತಕರಾರಿಲ್ಲ. ಹೆನ್ರಿಕ್ಸನ್ 1956ರಲ್ಲಿ ಅದೇ ಹೆಸರಿನ ಚಿತ್ರವನ್ನೂ ಸೆಟ್ಟರ್ಲಿಂಗ್ ಅವರನ್ನೇ ಇಟ್ಟುಕೊಂಡು ತೆಗೆದರು. ಆದರೆ ಕುತೂಹಲದ ಸಂಗತಿ ಅದಾದ ಮೇಲೆ ಶುರುವಾಗುತ್ತದೆ.

ಮಾಯ್ ಸೆಟ್ಟರ್ಲಿಂಗ್ ಹತ್ತೊಂಬತ್ತರ ವಯಸ್ಸಿನಲ್ಲಿ, 1944ರಲ್ಲಿ, ಷೊಬೆರಿಯ ‘ಹೆಟ್ಸ್’ ಚಿತ್ರದಿಂದ ಹೆಸರಾದವರು. ಅದರ ಚಿತ್ರಕಥೆ ಯುವಕ ಬರ್ಗ್‌ಮನ್‌ನದು. 1947ರಿಂದ ಬ್ರಿಟಿಷ್ ಚಿತ್ರರಂಗ. ಅಲ್ಲಿ ಬಹಳ ಮಟ್ಟಿಗೆ ಸಿಕ್ಕಿದ್ದು ಸುಂದರಿಯ ಪಾತ್ರಗಳೇ. ಆಮೇಲೆ ಹೆನ್ರಿಕ್ಸನ್ ಕೈಯಲ್ಲಿ ಸ್ಟ್ರಿಂಡ್‌ಬರ್ಗ್. 1960ರ ದಶಕದಲ್ಲಿ ಆಕೆ ಕ್ಯಾಮೆರಾದ ಹಿಂದೆ ಬಂದು ನಿಂತರು. 1964ರ ‘ಪ್ರೇಮಿಸುವ ಜೋಡಿಗಳು’ ಆಗ್ನೆಸ್ ಫಾನ್ ಕ್ರೂಸೆನ್‌ಷೆರ್ನಾ ಅವರ ಕಾದಂಬರಿಗಳಿಂದ ಬಂದದ್ದು, ಛಾಯಾಗ್ರಹಣ ಸ್ವೆನ್ ನಿಕ್ವಿಸ್ಟ್. ಹೆರಿಗೆ ಆಸ್ಪತ್ರೆಗೆ ಬಂದ ಮೂವರು ಹೆಂಗಸರು, ಅವರ ನೆನಪುಗಳು. 1968ರ ‘ಹುಡುಗಿಯರು’ ಚಿತ್ರದಲ್ಲಿ ಗ್ರೀಕ್ ನಾಟಕ ‘ಲೈಸಿಸ್ಟ್ರಾಟಾ’ ಹಿಡಿದು ಊರೂರು ಸುತ್ತುವ ಮೂವರು ನಟಿಯರು. ಹೆಂಡತಿಯರು ಗಂಡಂದಿರ ಜೊತೆ ಮಲಗುವುದನ್ನು ನಿಲ್ಲಿಸಿ ಯುದ್ಧ ನಿಲ್ಲಿಸುವ ನಾಟಕ ಅದು.

ಸ್ಟ್ರಿಂಡ್‌ಬರ್ಗ್ ‘ಹಣಕ್ಕಾಗಿ’ಯಲ್ಲಿ ಆರೋಪವಾಗಿ ಎತ್ತಿದ್ದನ್ನೇ ಸೆಟ್ಟರ್ಲಿಂಗ್ ಹೆಣ್ಣಿನ ಕಡೆಯಿಂದ ನೋಡಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಅವರು ಹಾಗೆಂದು ಎಲ್ಲಾದರೂ ಹೇಳಿದ್ದಾರೆ ಎಂದಲ್ಲ, ಇದು ನೋಡುಗನಾಗಿ ನನ್ನ ಓದು. ಇನ್ನೊಬ್ಬರು ಬರೆದ ಹೆಂಡತಿಯರ ಪಾತ್ರಗಳನ್ನು ಆಡಿ ಬಲ್ಲ ನಟಿ ಮುಂದೆ ತನ್ನ ಪಾತ್ರಗಳನ್ನು ತಾನೇ ಕಟ್ಟಿದರು. 1955ರ ಚಿತ್ರವನ್ನು ಇಂದು ನೋಡಬೇಕಾದ ಕಾರಣಗಳಲ್ಲಿ ಇದು ದೊಡ್ಡದು.

ಗೋಥೆನ್‌ಬರ್ಗ್ ಕನ್ನಡಿಗ:

ನಮಸ್ಕಾರ ಎಲ್ಲರಿಗೂ. ಇಲ್ಲಿ ವಾಸಿಸುವವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

1955ರಲ್ಲಿ ಚಿತ್ರಮಂದಿರಕ್ಕೆ ಬಂದ ಸ್ವೀಡಿಷ್ ಹೆಂಗಸರು 1884ರ ಹೆಂಗಸರಲ್ಲ. ಅವರು ಮತ ಹಾಕುತ್ತಿದ್ದರು. ಮಹಿಳೆಯರು ಮತ ಹಾಕಿದ ಮೊದಲ ಸಂಸತ್ ಚುನಾವಣೆ 1921ರದು. ಮದುವೆಯಾದಳು, ಬಸುರಿಯಾದಳು ಎಂದು ಕೆಲಸದಿಂದ ತೆಗೆಯುವುದನ್ನು 1939ರ ಕಾನೂನು ತಡೆದಿತ್ತು. ಆದರೂ ಗಂಡ ದುಡಿದು ತರುವುದು, ಹೆಂಡತಿ ಮನೆ ನೋಡಿಕೊಳ್ಳುವುದು ಎಂಬ ಕ್ರಮ ಐವತ್ತರ ದಶಕದಲ್ಲಿ ಗಟ್ಟಿಯಾಗಿಯೇ ಇತ್ತು. ಗಂಡ ಹೆಂಡತಿಯ ಸಂಬಳಕ್ಕೆ ಬೇರೆ ಬೇರೆ ತೆರಿಗೆ ಎಂಬ ಬದಲಾವಣೆ ಬಂದದ್ದು 1971ರಲ್ಲಿ. ಹೆಂಡತಿ ಕೆಲಸಕ್ಕೆ ಹೋಗುವುದು ಲಾಭವೋ ನಷ್ಟವೋ ಎಂಬ ಮನೆಲೆಕ್ಕವನ್ನೇ ಅದು ತಿರುಗಿಸಿಬಿಟ್ಟಿತು. ಮಗುವಿನ ಆರೈಕೆಗೆ ಅಪ್ಪನೂ ರಜೆ ಪಡೆಯಬಹುದಾದ ಪೋಷಕ ವಿಮೆ 1974ರದು. ‘ಪ್ರೀತಿ ಮತ್ತು ಧಾನ್ಯ’ದ ಗುಮಾಸ್ತನಿಗೆ ಉತ್ತರ ಕೊಟ್ಟದ್ದು ಸಾಹಿತ್ಯಕ್ಕಿಂತ ಹೆಚ್ಚಾಗಿ ಈ ಕಾನೂನುಗಳು ಎಂದು ನನಗೆ ಅನ್ನಿಸುತ್ತದೆ.

ಸ್ಟಾಕ್‌ಹೋಮಿಗೆ ಬಂದವರು ಡ್ರೊಟ್ನಿಂಗ್‌ಗಾಟನ್ 85ರ ‘ನೀಲಿ ಗೋಪುರ’ ನೋಡಿ. ಸ್ಟ್ರಿಂಡ್‌ಬರ್ಗ್ 1908ರಿಂದ 1912ರ ಮೇನಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ, ಈಗ ವಸ್ತುಸಂಗ್ರಹಾಲಯ. ಮೂರು ಮದುವೆ ಮೂರು ವಿಚ್ಛೇದನ ಕಂಡವನ ಕೊನೆಯ ಮನೆ ಒಂಟಿ ಮನುಷ್ಯನದು. ಸಿನಿಮಾಪ್ರಿಯರಿಗೆ ಇನ್ನೊಂದು ವಿಷಯ. ಅವನು ಬದುಕಿದ್ದಾಗಲೇ ತನ್ನ ನಾಟಕಗಳನ್ನು ಚಿತ್ರ ಮಾಡಲು ಒಪ್ಪಿಗೆ ಕೊಟ್ಟಿದ್ದ. ಆ ‘ತಂದೆ’ ಮತ್ತು ‘ಮಿಸ್ ಜೂಲಿ’ 1912ರಲ್ಲಿ ಬಂದವು. ನಿರ್ದೇಶಿಸಿದವರು ಆನ್ನಾ ಹೋಫ್‌ಮನ್ ಉಡ್‌ಗ್ರೇನ್, ಸ್ವೀಡನ್‌ನ ಮೊದಮೊದಲ ಮಹಿಳಾ ಚಿತ್ರ ನಿರ್ದೇಶಕಿಯರಲ್ಲಿ ಒಬ್ಬರು.

ಹಿತ್ತಿಲಗಿಡ:

ಆ ಕೊನೆಯ ಮಾಹಿತಿಗೆ ತುಂಬ ಥ್ಯಾಂಕ್ಸ್ ಕಣಪ್ಪ. ಅವನನ್ನು ಮೊದಲು ತೆರೆಗೆ ತಂದದ್ದು ಒಬ್ಬ ಹೆಣ್ಣುಮಗಳು ಎಂದು ತಿಳಿದು ಸಂತೋಷವಾಯಿತು. ನನ್ನ ಆಕ್ಷೇಪ ಮಾತ್ರ ಹಾಗೆಯೇ ಇದೆ.

ಕಡಲತಡಿ:

ಅಕ್ಕ, ಆಕ್ಷೇಪ ಇರಲಿ, ಇರಬೇಕು ಕೂಡ. ಆದರೆ ‘ಶರತ್ಕಾಲ’ ಓದಿದ್ದೀರಾ? ಮದುವೆಯಾಗಿ ಹತ್ತು ವರ್ಷವಾದ ಜೋಡಿ. ಗಂಡ ಕೆಲಸದ ಮೇಲೆ ಊರು ಬಿಟ್ಟು ಹೋದಾಗ ಕಾಗದ ಬರೆಯಲು ಶುರುಮಾಡ್ತಾನೆ. ಕಾಗದದಲ್ಲಿ ಹಳೆಯ ಪ್ರೀತಿ ಮತ್ತೆ ಚಿಗುರುತ್ತದೆ. ಹಿಂದೆ ಸುಖವಾಗಿದ್ದ ಜಾಗಕ್ಕೆ ಇಬ್ಬರೇ ಹೋಗಿ ಬರುವ ಅಂತ ಹೊರಡ್ತಾರೆ. ಅಲ್ಲಿ ಹೋದರೆ ಚಳಿ, ಖಾಲಿ ಮನೆ, ಮಾತಿಗೆ ಬರ. ಮಕ್ಕಳ ನೆನಪೇ ಇಬ್ಬರಿಗೂ. ವಾಪಸ್ ಬರ್ತಾರೆ. ಯಾರದ್ದೂ ತಪ್ಪಿಲ್ಲ. ಹೆಣ್ಣು ಗಂಡು ಇಬ್ಬರನ್ನೂ ಒಂದೇ ಕರುಣೆಯಿಂದ ನೋಡಿದ ಕಥೆ ಅದು. ಇದನ್ನು ಬರೆದ ಕೈಯೇ ‘ಹಣಕ್ಕಾಗಿ’ಯನ್ನೂ ಬರೆದದ್ದು ಅನ್ನುವುದೇ ನನಗೆ ನೋವು.

ಲೆಕ್ಕದ ಪುಸ್ತಕ:

ಸಿನಿಮಾದ ರೂಪದ ಬಗ್ಗೆಯೂ ಕೇಳಬೇಕಿತ್ತು. ಸಣ್ಣಕಥೆಗಳಿಂದ ಪೂರ್ಣಪ್ರಮಾಣದ ಚಿತ್ರ ಮಾಡುವಾಗ ಎರಡು ದಾರಿ. ಪುಟ್ಟಣ್ಣ ಕಣಗಾಲ್ 1976ರ ‘ಕಥಾಸಂಗಮ’ದಲ್ಲಿ ಮಾಡಿದ ಹಾಗೆ ಮೂವರು ಲೇಖಕರ ಮೂರು ಕಥೆಗಳನ್ನು ಬೇರೆ ಬೇರೆಯಾಗಿಯೇ ಇಡಬಹುದು. ಇಲ್ಲವೇ ಎಲ್ಲವನ್ನೂ ಕಲಸಿ ಒಂದೇ ಕಥೆ ಮಾಡಬಹುದು. ಸ್ಟ್ರಿಂಡ್‌ಬರ್ಗ್‌ಗೆ ಮೊದಲನೆಯದೇ ಸರಿ ಎಂದು ನನ್ನ ಅನಿಸಿಕೆ. ಮೊದಲ ಭಾಗದ ಹನ್ನೆರಡು ಸಂಸಾರಗಳನ್ನು ಸಾಲಾಗಿ ಓದಿದಾಗಲೇ ಇದು ಒಬ್ಬ ಗಂಡನ ಅಥವಾ ಒಬ್ಬ ಹೆಂಡತಿಯ ಸ್ವಭಾವದ ಪ್ರಶ್ನೆ ಅಲ್ಲ ಎಂದು ಹೊಳೆಯುವುದು. ಒಂದನ್ನೇ ಎತ್ತಿಕೊಂಡರೆ ತಪ್ಪು ಆ ಮನೆಯವರದ್ದಾಗಿ ಕಾಣುತ್ತದೆ.

ಹಳೇರೀಲು:

ನಾನು ಶುರುವಿನಲ್ಲಿ ಹೇಳಲು ಹೊರಟದ್ದನ್ನು ನೀವು ಇನ್ನೂ ಸ್ಪಷ್ಟವಾಗಿ ಹೇಳಿದಿರಿ. ಬರ್ಗ್‌ಮನ್ 1973ರಲ್ಲಿ ‘ದಾಂಪತ್ಯದ ದೃಶ್ಯಗಳು’ ಮಾಡಿದಾಗ ಆರು ಕಂತಿನ ಉದ್ದವನ್ನು ಒಂದೇ ಜೋಡಿಗೆ ಕೊಟ್ಟ. ಅದು ಮಹತ್ವದ ಕೃತಿ, ಎರಡು ಮಾತಿಲ್ಲ. ಆದರೆ ಯುಹಾನ್, ಮರಿಯಾನ್ ಇಬ್ಬರಿಗೂ ಒಳ್ಳೆಯ ಕೆಲಸ, ಒಳ್ಳೆಯ ಮನೆ. ಅಂಗಡಿ ಬಾಕಿ ಅಲ್ಲಿ ಬರುವುದೇ ಇಲ್ಲ. ಸ್ಟ್ರಿಂಡ್‌ಬರ್ಗ್‌ನಿಂದ ಬರ್ಗ್‌ಮನ್ ಜಗಳವನ್ನು ತೆಗೆದುಕೊಂಡ, ಲೆಕ್ಕವನ್ನು ಬಿಟ್ಟ.

ಹೊಸ ಸದಸ್ಯೆ:

ಎಲ್ಲರ ಚರ್ಚೆ ಓದಿ ಪುಸ್ತಕ ಹಿಡಿಯಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಇಂಗ್ಲಿಷಿನಲ್ಲಾದರೂ ಪರವಾಗಿಲ್ಲ.

ಧಾರವಾಡದ ಓದುಗ:

ತಂಗೀ, ಮೇರಿ ಸ್ಯಾಂಡ್‌ಬಾಕ್ 1972ರಾಗ ಎರಡೂ ಭಾಗ ಇಂಗ್ಲಿಷಿಗೆ ಮಾಡ್ಯಾರ, ಅದನ್ನ ಹುಡುಕು. ಮೊದಲು ‘ಪ್ರೀತಿ ಮತ್ತು ಧಾನ್ಯ’, ಆಮ್ಯಾಲೆ ‘ಶರತ್ಕಾಲ’. ‘ಗೊಂಬೆಮನೆ’ಗೆ ಬರೂ ಮುಂಚೆ ಇಬ್ಸೆನ್ ನಾಟಕ ಓದಿರಬೇಕು, ಇಲ್ಲಾಂದ್ರ ಅವನ ಸಿಟ್ಟು ಯಾರ ಮ್ಯಾಲೆ ಅಂತ ತಿಳಿಯೂದಿಲ್ಲ. ಮುನ್ನುಡಿ ಕಥೆಗಳಾದ ಮ್ಯಾಲೆ ಓದು. ಮೊದಲೇ ಓದಿದರ ಕಥೆಗಳನ್ನೆಲ್ಲಾ ಅದರ ಉದಾಹರಣೆ ಮಾಡಿಬಿಡತೀವಿ.

ಕಡಲತಡಿ:

ಇದಕ್ಕೆ ನನ್ನ ಒಪ್ಪಿಗೆ ಇಲ್ಲ ಸರ್. ಮುನ್ನುಡಿಯನ್ನೇ ಮೊದಲು ಓದಲಿ. 1884ರಲ್ಲಿ ಒಬ್ಬ ಗಂಡಸು ಏನೇನು ಕೊಡಲು ತಯಾರಿದ್ದ ಅಂತ ತಿಳಿದುಕೊಂಡ ಮೇಲೆ, ಎರಡನೇ ಭಾಗಕ್ಕೆ ಬರುವಾಗ ಅದರಲ್ಲಿ ಎಷ್ಟನ್ನು ವಾಪಸ್ ತೆಗೆದುಕೊಂಡ ಅಂತ ಅವರೇ ನೋಡಲಿ. ‘ಹಣಕ್ಕಾಗಿ’ ಓದಿ ಮುಗಿಸಿದ ದಿನ ಇಲ್ಲಿಗೆ ಬಂದು ಬರೆಯಿರಿ ತಂಗಿ, ಹಿತ್ತಿಲಗಿಡ ಅಕ್ಕನೂ ನಾನೂ ಇಬ್ಬರೂ ಇರ್ತೇವೆ.